ಬೀಗರ ಎಲೆಗೆ ಶ್ರೀಖಂಡ

ಆ ದಿನ ಅಡುಗೆ ಕೆಟ್ಟಿರಲಿಲ್ಲ. ಕೆಟ್ಟದ್ದು ನನ್ನ ಸೊಸೆಯ ಬುದ್ಧಿ. ಬೀಗರ ಮುಖ ಕಂಡ ಕೂಡಲೇ ಅವಳಿಗೆ ಹೆದರಿಕೆ ಹೊಕ್ಕಿತು, ಆ ಹೆದರಿಕೆಯಲ್ಲಿ ಮ್ಯೂಜಿಯಮ್ಮಿನ ಅಡುಗೆಮನೆ ಅವಳ ಕೈಬಿಟ್ಟು ಹೋಯಿತು. ನಡೆದದ್ದು ಇಷ್ಟೇ. ಊರಲ್ಲಿ ಈಗ ಇದನ್ನು ಬೇರೆ ಬೇರೆ ಥರ ಹೇಳುತ್ತಾರೆ. ಮೇಡಂ ಸೊಕ್ಕಿನವಳು ಅನ್ನುವವರಿದ್ದಾರೆ, ಬೀಗರು ಜಗಳ ತೆಗೆದರು ಅನ್ನುವವರೂ ಇದ್ದಾರೆ. ಹಾಗೆ ಹೇಳುವವರಲ್ಲಿ ಅರ್ಧ ಜನ ಅಂದು ಅಲ್ಲಿ ಇರಲೇ ಇಲ್ಲ. ನಾನು ಅಲ್ಲಿಯೇ ಕಂಬಕ್ಕೆ ಒರಗಿ ಕೂತಿದ್ದೆ. ಕಲಿತದ್ದು ಮೂರನೇ ಇಯತ್ತೆ, ಆದರೆ ಕಣ್ಣು ಇನ್ನೂ ನೆಟ್ಟಗಿದೆ.

ನಮ್ಮೂರು ರಾಯಬಾಗದಿಂದ ಚಿಕ್ಕೋಡಿಗೆ ಹೋಗುವ ರಸ್ತೆಯ ಮಗ್ಗುಲಿಗಿದೆ. ಊರ ನಡುವೆ ಇನಾಮದಾರರ ವಾಡೆ. ಇನ್ನೂರು ವರ್ಷದ ಮನೆಯಂತೆ. ನಾನು ಮದುವೆಯಾಗಿ ಬಂದಾಗ ಅದರಲ್ಲಿ ಜನ ಇದ್ದರು, ಆಮೇಲೆ ಬಾವಲಿಗಳಿದ್ದವು, ಈಗ ಮ್ಯೂಜಿಯಂ ಇದೆ. ಆ ಮನೆತನದ ಮೊಮ್ಮಗಳು ಪುಣೆಯಲ್ಲಿ ಇದನ್ನೇ ಓದಿ ಬಂದು ತೆರೆದಳು. ಅವಳನ್ನೇ ಎಲ್ಲರೂ ಮೇಡಂ ಅನ್ನುತ್ತಾರೆ. ಊರವರ ಅಟ್ಟಗಳಲ್ಲಿ ಗೆದ್ದಲು ಹಿಡಿದು ಬಿದ್ದಿದ್ದ ಕುಂಟೆ, ಕೂರಿಗೆ, ಬಾವಿಯಿಂದ ನೀರೆತ್ತುತ್ತಿದ್ದ ತೊಗಲಿನ ಚೀಲ, ಒಡಕು ಗಡಿಗೆ ಎಲ್ಲವನ್ನೂ ಕೇಳಿ ತಂದು, ಎಣ್ಣೆ ಹಚ್ಚಿ, ಮುಂದೊಂದು ಚೀಟಿ ಇಟ್ಟಳು. ಮನೆಯಲ್ಲಿದ್ದಾಗ ಕಾಲಿಗೆ ತೊಡರುತ್ತದೆ ಎಂದು ಬೈಸಿಕೊಂಡ ಸಾಮಾನು ಅಲ್ಲಿ ಹೋಗಿ 'ಮುಟ್ಟಬಾರದು' ಅನ್ನಿಸಿಕೊಂಡಿತು.

ನಮ್ಮ ಬೀಸುಕಲ್ಲೂ ಹೋಯಿತು. ಮಗ ಎತ್ತಿಕೊಟ್ಟ, ನಾನು ಬೇಡ ಅನ್ನಲಿಲ್ಲ. ಅದರ ಮುಂದಿನ ಚೀಟಿಯಲ್ಲಿ ಹೆಂಗಸರು ನಸುಕಿನಲ್ಲಿ ಎದ್ದು ಹಾಡುತ್ತ ಬೀಸುತ್ತಿದ್ದರು ಎಂದು ಬರೆದಿದೆ. ಹಾಡುತ್ತಿದ್ದದ್ದು ಖರೆ. ತೂಕಡಿಸಿ ಹಣೆ ಹೋಗಿ ಗೂಟಕ್ಕೆ ಬಡಿಯಬಾರದು ಅಂತ ಹಾಡುತ್ತಿದ್ದೆವು. ಚೀಟಿಯಲ್ಲಿ ಅದಿಲ್ಲ.

ಕಲ್ಲು ಹೋಗಿ ವಾರ ಕಳೆಯುವುದರೊಳಗೆ ಮೇಡಂ ನಮ್ಮ ಮನೆಗೆ ಬಂದಳು. ಕಲ್ಲು ಸಿಕ್ಕಿತು, ಇನ್ನು ಅದರ ಹಿಂದೆ ಕೂರುವ ಮುದುಕಿ ಬೇಕಾಗಿತ್ತು.

"ಆಜಿ, ನೀವು ಸುಮ್ನ ಬಂದು ಕೂತ್ರ ಸಾಕರಿ. ಮಂದಿ ಬಂದಾಗ ಒಂದೀಟ ಬೀಸೂದು, ಒಂದ ಹಾಡ ಹೇಳೂದು. ಖರೇಖರೇ ಬೀಸಿದಾವ್ರು ಈಗ ಯಾರೂ ಸಿಗಂಗಿಲ್ಲ ನೋಡ್ರಿ."

"ಊರಾಗ ಹಿಟ್ಟಿನ ಗಿರಣಿ ಬಂದ ದಿನ ನಾ ಆ ಗೂಟ ಬಿಟ್ಟೀನಿ," ಅಂದೆ. "ನನ್ನ ಮುಂದನೂ ಚೀಟಿ ಇಡಾಕಿ ಏನ? ಮುಟ್ಟಬ್ಯಾಡ್ರಿ ಅಂತ?"

ಅವಳು ನಕ್ಕಳು. ನಾನು ನಗಲಿಲ್ಲ. ಆಮೇಲೂ ಕೇಳುತ್ತಲೇ ಇದ್ದಳು, ದಾರಿಯಲ್ಲಿ ಸಿಕ್ಕಾಗ, ಅಂಗಡಿಯ ಮುಂದೆ, ಒಮ್ಮೆ ಸತ್ತವರ ಮನೆಯಲ್ಲಿ ಕೂಡ. ಇಲ್ಲ ಅಂದೆ, ಇಲ್ಲ ಅನ್ನುತ್ತಲೇ ಇದ್ದೆ.

ಆಮೇಲೆ ಊಟದ ಹುಚ್ಚು ಹತ್ತಿತು ಅವಳಿಗೆ. ಜನ ಬರುತ್ತಾರೆ, ಕೂರಿಗೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಹೋಗುತ್ತಾರೆ. ಹಾಗಾಗಬಾರದು, ಈ ವಾಡೆ ಕಟ್ಟಿದ ಕಾಲದಲ್ಲಿ ಇಲ್ಲಿಯ ಒಕ್ಕಲು ಮಕ್ಕಳು ಏನು ಉಣ್ಣುತ್ತಿದ್ದರೋ ಅದನ್ನೇ ನೆಲದ ಮೇಲೆ ಕೂತು ಉಂಡು ಹೋಗಬೇಕು. ಜೋಳದ ರೊಟ್ಟಿ, ನುಚ್ಚು, ಹುರುಳಿ ಕಟ್ಟು, ಪುಂಡಿಪಲ್ಯ, ಅಗಸಿ ಹಿಂಡಿ, ಮಜ್ಜಿಗೆ. ಅಷ್ಟೇ. ಟೊಮೆಟೊ ಇಲ್ಲ, ಬಟಾಟಿ ಇಲ್ಲ, ಸಕ್ಕರೆ ಇಲ್ಲ, ಶೇಂಗಾ ಇಲ್ಲ. ಚಹಾ ಮೊದಲೇ ಇಲ್ಲ. ಬಂದವರಿಗೆ ಬೆಲ್ಲ, ನೀರು.

"ಶೇಂಗಾ ಯಾಕ ಬ್ಯಾಡ?" ಅಂತ ನಾನು ಕೇಳಿದೆ. "ನಮ್ಮ ಅಜ್ಜ ಮುತ್ತ್ಯಾ ಎಲ್ಲಾ ಶೇಂಗಾ ತಿಂದ ಸತ್ತಾರ."

"ಅವರ ಮುತ್ತ್ಯಾ ತಿಂದಿಲ್ಲರಿ ಆಜಿ. ಅದು ಸಮುದ್ರದ ಆಚಿಂದ ಬಂದದ್ದು. ಇಲ್ಲಿ ಹೊಲದಾಗ ಬಂದದ್ದು ಭಾಳ ತಡಾ."

ನಾನು ನಂಬಲಿಲ್ಲ. ಮೊಮ್ಮಗ ಫೋನಿನಲ್ಲಿ ಹುಡುಕಿ ನೋಡಿ, ಅವಳು ಹೇಳಿದ್ದು ಖರೆ ಐತಿ ಆಯಿ ಅಂದ. ಇರಲಿ. ಅವಳು ಓದಿದ್ದಾಳೆ, ಅವಳಿಗೆ ಗೊತ್ತಿದೆ. ಪದಾರ್ಥದ ಲೆಕ್ಕದಲ್ಲಿ ಅವಳ ತಪ್ಪು ಹಿಡಿಯಲು ನನಗೆ ಆಗಲಿಲ್ಲ, ಹಿಡಿಯಲು ಹೋಗಿ ಎರಡು ಸಲ ಮುಖ ಕೆಡಿಸಿಕೊಂಡೆ.

ಆದರೆ ಒಂದು ಮಾತು. ಅವಳು ಬಡಿಸುತ್ತಿದ್ದದ್ದು ಆ ಕಾಲದ ಊಟ ಇರಬಹುದು, ಬಡಿಸುವ ರೀತಿ ಈ ಕಾಲದ್ದು. ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಒಂದೇ ಸಾಲಿನಲ್ಲಿ, ಒಂದೇ ಹೊತ್ತಿಗೆ, ಬಿಸಿ ರೊಟ್ಟಿ. ನಮ್ಮ ಮನೆಯಲ್ಲಿ ನಾನು ಬಿಸಿ ರೊಟ್ಟಿ ಉಂಡದ್ದು ನಮ್ಮತ್ತೆ ತೀರಿಕೊಂಡ ಮೇಲೆ. ಗಂಡಸರು ಉಂಡು, ಮಕ್ಕಳು ಉಂಡು, ಆಳು ಉಂಡು, ಅತ್ತೆ ಉಂಡು, ಆಮೇಲೆ ಗಡಿಗೆಯ ತಳದಲ್ಲಿ ಹತ್ತಿಕೊಂಡ ನುಚ್ಚನ್ನು ಕೆರೆದುಕೊಂಡು ಉಣ್ಣುತ್ತಿದ್ದೆ. ಅದನ್ನು ಮೇಡಂಗೆ ಹೇಳಿದೆ. "ಹಂಗ ಬಡಿಸಿದ್ರ ಯಾರ ಬರ್ತಾರರಿ ಆಜಿ?" ಅಂದಳು. ಅದೂ ಖರೆ. ಟಿಕೀಟು ತೆಗೆದುಕೊಂಡು ಬಂದವರಿಗೆ ಹಳೆಯ ಕಾಲದ ಪಲ್ಯ ಬೇಕು, ಹಳೆಯ ಕಾಲದ ಹಸಿವು ಬೇಡ.

ಈ ಅಡುಗೆಮನೆಯ ಮೇಲೆ ನನ್ನ ಸೊಸೆಯ ಜೀವ ಕೂತಿತು. ಅವಳು ಕಾಗವಾಡದ ಕಡೆಯ ಹುಡುಗಿ, ನನ್ನ ಒಬ್ಬನೇ ಮಗನ ಹೆಂಡತಿ. ಮದುವೆಯಾಗಿ ಬಂದಾಗಿನಿಂದ ನನ್ನ ಒಲೆಯ ಮುಂದೆ ನಾನು ಹೇಳಿದಷ್ಟೇ ಉಪ್ಪು ಹಾಕಿದವಳು. ಹೊಲಿಗೆ ಮಷಿನ್ ಹಾಕಿದಳು, ಅದು ನಡೆಯಲಿಲ್ಲ. ಹೆಂಗಸರ ಸಂಘದಲ್ಲಿ ಹಪ್ಪಳ ಮಾಡಿದಳು, ಆ ಸಂಘ ಜಗಳದಲ್ಲಿ ಮುಗಿಯಿತು. ವಾಡೆಯ ಅಡುಗೆಮನೆ ನಡೆಸುವವರು ಬೇಕು ಅನ್ನುವ ಸುದ್ದಿ ಬಂದಾಗ ನನ್ನನ್ನು ಕೇಳದೆ ಹೋಗಿ ಒಪ್ಪಿಕೊಂಡು ಬಂದಳು.

"ಮನ್ಯಾಗ ಮಾಡೂ ಅಡಿಗಿನ ಅಲ್ಲಿ ಹೋಗಿ ಮಾಡಾಕ ಏನ ಹೆಚ್ಚಿಗಿ ಐತಿ?" ಅಂದೆ.

"ಅಲ್ಲಿ ಉಪ್ಪು ನಾ ಹಾಕ್ತೀನಿ ಅತ್ಯಾ," ಅಂದಳು.

ಬಾಯಿ ಇದೆ ಅವಳಿಗೆ. ಆ ಬಾಯಿ ನನಗೆ ಸೇರುತ್ತದೆ, ಅವಳ ಮುಂದೆ ಹೇಳುವುದಿಲ್ಲ.

ಮೇಡಂ ಸೊಸೆಗೆ ಒಂದೇ ಮಾತು ಹೇಳಿದ್ದಳು: ಮೊದಲನೆಯ ದಿನದ ಪಂಕ್ತಿ ನಾನು ಹೇಳಿದ ಹಾಗೆ ಆಗಬೇಕು. ಎಲೆಯ ಮೇಲೆ ಆ ಕಾಲದ್ದಲ್ಲದ ಒಂದು ಅಗುಳೂ ಬೀಳಬಾರದು. ಹಾಗಾದರೆ ಅಡುಗೆಮನೆ ನಿಮ್ಮದು, ಆಗಲಿಲ್ಲ ಅಂದರೆ ನಿಪ್ಪಾಣಿಯಿಂದ ಅಡುಗೆಯವರನ್ನು ಕರೆಸುತ್ತೇನೆ. ಸೊಸೆ ಹೂಂ ಅಂದಳು. ಆ ಮೊದಲನೆಯ ದಿನ ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯಲು ಹೋದಳು. ಅವಳ ರೊಟ್ಟಿಯಲ್ಲಿ ನಾನು ತಪ್ಪು ಹುಡುಕುವುದನ್ನೇ ಬಿಟ್ಟಿದ್ದೇನೆ, ಸಿಗುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಂದಿ ಬಂತು. ಚಿಕ್ಕೋಡಿಯವರು, ನಿಪ್ಪಾಣಿಯವರು, ಕುಡಚಿಯಿಂದ ಒಂದು ಇಡೀ ಕುಟುಂಬ. ಬಾಗಿಲಲ್ಲಿ ಬೆಲ್ಲ ನೀರು ಕೊಟ್ಟರೆ ಅರ್ಧ ಜನ ಬೆಲ್ಲ ಬಾಯಿಗೆ ಹಾಕಿಕೊಂಡು ನಿಂತೇ ಇದ್ದರು, ಇನ್ನು ಚಹಾ ಬರುತ್ತದೆ ಅಂತ. ಬರಲಿಲ್ಲ. ನಿಪ್ಪಾಣಿಯ ಒಬ್ಬ ನಿವೃತ್ತ ಮಾಸ್ತರರು, "ಚಹಾ ಕೊಡದ ಮನಿಗೆ ನಮ್ಮವ್ವ ಹೆಣ್ಣ ಕೊಡಬ್ಯಾಡ ಅಂತಿದ್ಲು," ಅಂದರು. ಎಲ್ಲರೂ ನಕ್ಕರು. ಅಲ್ಲಿಯ ತನಕ ಎಲ್ಲ ಸರಿಯಾಗಿಯೇ ಇತ್ತು.

ಆಗ ಸೊಸೆ ಅಡುಗೆಮನೆಯಿಂದ ಓಡಿ ಬಂದು ನನ್ನ ಮಗ್ಗುಲಿಗೆ ಕುಕ್ಕರಿಸಿದಳು.

"ಅತ್ಯಾ, ಬೀಗರ ಬಂದಾರ."

ನೋಡಿದೆ. ಬಂದಿದ್ದರು. ನನ್ನ ಮೊಮ್ಮಗಳನ್ನು ಈ ವರ್ಷವೇ ಅಥಣಿಯ ಹತ್ತಿರ ದ್ರಾಕ್ಷಿ ತೋಟದವರ ಮನೆಗೆ ಕೊಟ್ಟಿದ್ದೇವೆ. ಬೀಗ, ಬೀಗತಿ, ಬೀಗನ ತಮ್ಮ, ಅವನ ಹೆಂಡತಿ, ಬೀಗನ ಸೋದರತ್ತೆ, ಐದು ಜನ ಕಾರಿನಿಂದ ಇಳಿದು ಬರುತ್ತಿದ್ದರು. ಹುಡುಗಿಯನ್ನು ಮನೆಯಲ್ಲಿ ಬಿಟ್ಟು ಬಂದಿದ್ದರು.

"ಬರ್ಲಿ. ಊರ ಮಂದಿಯೆಲ್ಲಾ ಬಂದೈತಿ, ಅವರೂ ಬಂದಾರ."

"ಟಿಕೀಟ ತಗೊಂಡ ಬಂದಾರ ಅತ್ಯಾ! ಗೇಟಿನ್ಯಾಗ ರೊಕ್ಕಾ ಕೊಟ್ಟ ಬಂದಾರ!"

"ಕೊಡ್ಲಿ. ದ್ರಾಕ್ಷಿ ಮಾರಿದ ರೊಕ್ಕಾ ಎಲ್ಲಿ ಇಡ್ತಾರ ಮತ್ತ?"

"ಬೀಗರ ಕೈಯಾಗಿಂದ ರೊಕ್ಕಾ ಇಸಗೊಂಡ ನುಚ್ಚು ಹಾಕಿದ್ಲು ಅಂತ ಅನಿಸ್ಕೊಳ್ಲಿ ಏನ? ಮದಿವ್ಯಾದಮ್ಯಾಲ ಮೊದಲನೇ ಸಲ ನಮ್ಮ ಊರಾಗ ಉಣ್ಣಾಕತ್ತಾರ. ನನ್ನ ಮಗಳಿಗೆ ಸಾಯೂತನಕ ಆಡ್ಕೊಂಡ ತಿಂತಾರ್ರಿ ಆ ಮನ್ಯಾಗ."

ಇದನ್ನು ಬೇರೆ ಕಡೆಯವರು ಕೇಳಿದರೆ ಇದರಲ್ಲಿ ಏನಿದೆ ಅನ್ನಬಹುದು. ನಮ್ಮ ಕಡೆ ಮದುವೆಯ ಮೇಲೆ ಬೀಗರು ಮೊದಲ ಸಲ ಉಣ್ಣಲು ಕೂತರೆ ಸಿಹಿ ಇಲ್ಲದೆ ಎಲೆ ಹಾಕುವುದಿಲ್ಲ. ತುಪ್ಪ ಸುರಿಯಬೇಕು, ಅವರು ಸಾಕು ಅನ್ನಬೇಕು, ಇವರು ಮತ್ತೆ ಸುರಿಯಬೇಕು. ಅದು ಉಣ್ಣುವುದಕ್ಕಿಂತ ಹೆಚ್ಚಾಗಿ ನೋಡುವವರಿಗೆ ಇರುವ ಆಟ. ನಾನೂ ಆಡಿದ್ದೇನೆ. ಅದಕ್ಕೇ ನನಗೆ ಅದರ ಮೇಲೆ ಮರ್ಯಾದೆ ಇಲ್ಲ.

"ಎಲ್ಲಾರಿಗೂ ಏನ ಹಾಕ್ತಿ ಅವರಿಗೂ ಅದನ್ನ ಹಾಕು," ಅಂದೆ. "ಅಡಿಗಿಮನಿ ಬೇಕಂದ್ರ ಸುಮ್ಮ ಹೋಗಿ ಬಡಸು. ನಾಳಿ ಮನಿಗೆ ಕರದು ಹೋಳಿಗಿ ಮಾಡಿ ಹಾಕೂಣಂತ."

ಹೂಂ ಅಂದಳು. ಹೂಂ ಅನ್ನುವಾಗಲೇ ಅವಳ ಕಣ್ಣು ಗಂಡನನ್ನು ಹುಡುಕುತ್ತಿತ್ತು. ಸ್ವಲ್ಪ ಹೊತ್ತಿಗೆ ನನ್ನ ಮಗನ ಮೋಟಾರ್‌ಸೈಕಲ್ ಚಿಕ್ಕೋಡಿಯ ಕಡೆ ಹಾರಿದ ಸಪ್ಪಳ ಕೇಳಿತು. ಗಂಡ ಹೆಂಡತಿ ಉಳಿದ ಯಾವ ಮಾತಿನಲ್ಲೂ ಕೂಡುವುದಿಲ್ಲ, ಹುಚ್ಚುತನದಲ್ಲಿ ಕೂಡುತ್ತಾರೆ.

ಪಂಕ್ತಿ ಕೂತಿತು. ಮುತ್ತಲ ಎಲೆ, ಅದರ ಮೇಲೆ ರೊಟ್ಟಿ, ಒಂದು ಮಗ್ಗುಲಿಗೆ ನುಚ್ಚು. ಮೇಡಂ ನಡುವೆ ನಿಂತು ಯಾವ ಕಾಳು ಯಾವ ಕಾಲದ್ದು ಎಂದು ಹೇಳುತ್ತಿದ್ದಳು. ಜನ ಕೇಳಿದಂತೆ ಮಾಡುತ್ತ ಉಣ್ಣುತ್ತಿದ್ದರು. ಬೀಗ ತಲೆ ಎತ್ತದೆ ನುಚ್ಚಿಗೆ ಮಜ್ಜಿಗೆ ಕಲಸಿಕೊಂಡು ಹೊಡೆಯುತ್ತಿದ್ದ. ಬೀಗತಿ ಮಾತ್ರ ಎಲೆಯನ್ನು ಬಿಟ್ಟು ಅಡುಗೆಮನೆಯ ಬಾಗಿಲನ್ನು ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು. ನನ್ನ ಮಗಳ ಗಂಡನ ಮನೆಗೆ ಹೋದಾಗ ನಾನು ಅದನ್ನೇ ನೋಡುತ್ತೇನೆ.

ಬಾಗಿಲಿನಿಂದ ಸೊಸೆ ಬಂದಳು. ಸೆರಗಿನ ಕೆಳಗೆ ಏನೋ ಹಿಡಿದಿದ್ದಳು. ನೆಟ್ಟಗೆ ಬೀಗರ ಮುಂದೆ ಬಗ್ಗಿ, ಪ್ಲಾಸ್ಟಿಕ್ ಡಬ್ಬಿಯಿಂದ ಶ್ರೀಖಂಡ ತೆಗೆದು ಬಡಿಸತೊಡಗಿದಳು. ಅದೂ ಮಾವಿನ ಹಣ್ಣಿನ ಶ್ರೀಖಂಡ, ಅರಿಶಿನ ಕಲಸಿದಂತೆ ಹಳದಿ. ಇನ್ನೂರು ವರ್ಷದ ನುಚ್ಚಿನ ಮಗ್ಗುಲಿಗೆ ಅದು ಬಿದ್ದಾಗ ವಾಡೆಯ ಆ ತುದಿಗೆ ಕೂತವರಿಗೂ ಕಂಡಿತು.

ಬೀಗತಿ, "ಬ್ಯಾಡ್ರಿ, ಬ್ಯಾಡ್ರಿ" ಅನ್ನುತ್ತ ಎಲೆಯ ಮೇಲೆ ಕೈ ಅಡ್ಡ ಹಿಡಿದಳು, ಬೆರಳು ಅಗಲಿಸಿ. ಸೊಸೆ ಬೆರಳಿನ ಸಂದಿಯಲ್ಲಿ ಹಾಕಿದಳು. ಅಲ್ಲಿಯ ತನಕ ಪದ್ಧತಿಯ ಪ್ರಕಾರವೇ ನಡೆಯಿತು.

ಐದು ಎಲೆ ಮುಗಿಸಿ ಅವಳು ತಿರುಗಿದಳು. ಆರನೆಯ ಎಲೆ ಮಾಸ್ತರರದು.

"ಯಾಕ್ರೀ ತಂಗೆವ್ವಾರ," ಅಂದರು ಅವರು, "ಇನ್ನೂರ ವರ್ಷದ ಹಿಂದ ಶ್ರೀಖಂಡ ಈ ಐದ ಮಂದೀಗಷ್ಟ ಇತ್ತೇನ?"

ಒಂದೇ ಪಂಕ್ತಿಯಲ್ಲಿ ಕೂರಿಸಿ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು ಹಾಕುವುದಕ್ಕಿಂತ ದೊಡ್ಡ ತಪ್ಪು ನಮ್ಮಲ್ಲಿ ಇಲ್ಲ. ಬೀಗರಿಗೆ ಸಿಹಿ ಹಾಕದಿದ್ದರೆ ಒಂದು ಮನೆ ಆಡಿಕೊಳ್ಳುತ್ತಿತ್ತು. ಪಂಕ್ತಿಭೇದ ಮಾಡಿದರೆ ಊರೇ ಆಡಿಕೊಳ್ಳುತ್ತದೆ. ಅದು ಅವಳಿಗೆ ಆ ಹೊತ್ತಿಗೆ ಹೊಳೆಯಿತು, ಡಬ್ಬಿ ಖಾಲಿಯಾದ ಮೇಲೆ.

"ನಮ್ಮ ಟಿಕೀಟನೂ ಅದ ರೇಟಿಂದ ಐತ್ರೀ," ಅಂದಳು ಕುಡಚಿಯ ಹೆಂಗಸು.

"ಹಳೇ ಕಾಲದ್ದ ಅಂತ ಹೇಳಿ ನಮಗ ನುಚ್ಚು ಹಾಕ್ಯಾರ, ತಮ್ಮವರಿಗೆ ಬ್ಯಾರೆ!"

"ಹಳೇ ಕಾಲದಾಗೂ ಹಿಂಗ ಇತ್ತ ತಗೋ ಮಾರಾಯಾ! ಅದನ್ನ ತೋರಸಾಕತ್ತಾರ!"

ಫೋನುಗಳು ಪಟಪಟ ಫೋಟೋ ತೆಗೆದವು. ಮೇಡಂ ಅಲ್ಲಿ ನಿಂತವಳು ನಿಂತೇ ಇದ್ದಳು, ಕೈಯಲ್ಲಿ ಹುರುಳಿಕಾಳು. ಬೀಗತಿ ಮುಖ ಬಿಗಿದುಕೊಂಡಳು. ಆಗ ಬೀಗ ಕೈ ಎತ್ತಿದ.

"ಅಲ್ರೀ ಬೀಗರ, ನಂಗ ಸಕ್ಕರಿ ಬ್ಯಾನಿ ಐತಿ, ನಿಮಗ ಗೊತ್ತಿಲ್ಲೇನ? ಮನ್ಯಾಗ ಈಕಿ ಅನ್ನನೂ ಹಾಕಂಗಿಲ್ಲ, ಸಿಹಿನೂ ಹಾಕಂಗಿಲ್ಲ. ಇಲ್ಲಿ ಜ್ವಾಳದ ನುಚ್ಚು ಸಿಗತೈತಿ ಅಂತ ಕೇಳಿ ಟಿಕೀಟ ತಗೊಂಡ ಬಂದೀನಿ. ಇದನ್ನ ತಗದ ಆ ಮಾಸ್ತರಿಗೆ ಹಾಕ್ರಿ. ನನಗ ಇನ್ನೊಂದ ಹಿಡಿ ನುಚ್ಚು ತರ್ರಿ."

ಎಂಜಲೆಲೆಯ ಶ್ರೀಖಂಡವನ್ನು ಮಾಸ್ತರರಿಗೆ ಹಾಕು ಅನ್ನುತ್ತಾನೆ. ಅವನ ಬುದ್ಧಿಯೂ ಅಷ್ಟರದ್ದೇ. ಜನ ನಕ್ಕರು, ಕೆಲವರು ಎದ್ದು ಹೋದರು, ಕೆಲವರು ಬಾಗಿಲಲ್ಲಿ ಟಿಕೀಟಿನ ರೊಕ್ಕ ಕೇಳಿದರು. ಸೊಸೆ ಖಾಲಿ ಡಬ್ಬಿ ಹಿಡಿದು ಪಂಕ್ತಿಯ ನಡುವೆ ನಿಂತಿದ್ದಳು. ಅಡುಗೆಮನೆಯಿಂದ ನುಚ್ಚಿನ ಪಾತ್ರೆ ಕೊನೆಗೆ ನಾನೇ ಎದ್ದು ತರಬೇಕಾಯಿತು. ಬೀಗನಿಗೆ ಬಡಿಸಿದೆ. ಎರಡು ಸಲ ಹಾಕಿಸಿಕೊಂಡ.

ಎಲ್ಲರೂ ಹೋದ ಮೇಲೆ ಮೇಡಂ ಬಂದಳು. ಅವಳು ಒದರಲಿಲ್ಲ. ಒದರಿದ್ದರೆ ಛಲೋ ಇತ್ತು, ನಾವೂ ಒದರುತ್ತಿದ್ದೆವು.

"ಅಡಿಗಿ ಭಾಳ ಛಲೋ ಆಗಿತ್ತರಿ," ಅಂದಳು ಸೊಸೆಗೆ. "ಆದ್ರ ನಿಮಗ ಹೇಳಿದ್ದು ಒಂದ ಮಾತು. ಇವತ್ತ ಬೀಗರು, ನಾಳಿ ತವರಮನಿಯವರು, ನಾಡದ ಇನ್ಯಾರೋ. ನಾ ಹ್ಯಾಂಗ ನಂಬ್ಲಿ? ನಾಡದಿಂದ ನಿಪ್ಪಾಣಿಯವರು ಬರ್ತಾರ. ನಾಳಿ ನಿಮ್ಮ ಪಾತ್ರಿ ಒಯ್ರಿ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಸಂಜೆ ಅಥಣಿಯಿಂದ ಮೊಮ್ಮಗಳ ಫೋನು ಬಂತು. ಸೊಸೆ ಎತ್ತಿದಳು. ಆ ಹುಡುಗಿ ಆ ಕಡೆಯಿಂದ ನಗುತ್ತಿದ್ದದ್ದು ನನಗೂ ಕೇಳಿತು. ಮಾವನವರು ಬಂದಾಗಿನಿಂದ ನುಚ್ಚಿನ ಸುದ್ದಿಯನ್ನೇ ಹೇಳುತ್ತಿದ್ದಾರಂತೆ. ಅತ್ತೆ ಮಾತ್ರ, ಶ್ರೀಖಂಡ ಪ್ಯಾಟಿಯದು, ಮನೆಯಲ್ಲಿ ಕಟ್ಟಿದ್ದಲ್ಲ ಅಂದಳಂತೆ. ನೋಡಿ. ಅಡುಗೆಮನೆ ಕಳೆದುಕೊಂಡು ಬಡಿಸಿದ್ದಕ್ಕೆ ಬಂದ ಹೆಸರು ಇದು.

"ಸಮಾಧಾನ ಆತ?" ಅಂತ ಕೇಳಿದೆ ಸೊಸೆಯನ್ನು.

ಬಾಯಿ ಇರುವವಳು ಬಾಯಿ ಮುಚ್ಚಿಕೊಂಡು ನನ್ನ ಒಲೆಯ ಮುಂದೆ ಕೂತು ಸಾರಿಗೆ ಉಪ್ಪು ಹಿಡಿದು, "ಎಷ್ಟ ಹಾಕ್ಲಿ ಅತ್ಯಾ?" ಅಂದಳು. ಮದುವೆಯಾದ ಹೊಸದರಲ್ಲಿ ಕೇಳುತ್ತಿದ್ದ ಹಾಗೆ. ಮಗಳನ್ನು ಮದುವೆ ಮಾಡಿಕೊಟ್ಟ ಹೆಂಗಸು ಉಪ್ಪು ಎಷ್ಟು ಹಾಕಲಿ ಅಂತ ಕೇಳುತ್ತಾಳೆ. ನನಗೆ ಮೈ ಉರಿಯಿತು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಯಾರಿಗೂ ಹೇಳದೆ ವಾಡೆಗೆ ಹೋದೆ. ಮುಂದಿನ ಬಾಗಿಲು ಹಾಕಿತ್ತು. ಹಿತ್ತಲಿನಿಂದ ಹೊಕ್ಕರೆ ಮೇಡಂ ಗ್ಯಾಸಿನ ಒಲೆಯ ಮುಂದೆ ನಿಂತು ಚಹಾ ಸೋಸುತ್ತಿದ್ದಳು. ನನ್ನನ್ನು ಕಂಡು ಪಾತ್ರೆಗೆ ತಟ್ಟೆ ಮುಚ್ಚಿದಳು.

"ತಗಿ ತಗಿ," ಅಂದೆ. "ನನಗೂ ಒಂದ ಕಪ್ ಹಾಕು. ಬೆಲ್ಲ ನೀರು ನಮ್ಮ ಮನ್ಯಾಗ ಐತಿ."

ಹಾಕಿದಳು. ಕುಡಿದೆ. ಸಕ್ಕರೆ ಧಾರಾಳವಾಗಿಯೇ ಇತ್ತು.

"ಪಾತ್ರಿ ಒಯ್ಯಾಕ ಬಂದ್ರೇನರಿ ಆಜಿ?"

"ಇಲ್ಲ. ಬೀಸುಕಲ್ಲಿನ ಮುಂದ ಕೂಡ್ತೀನಿ. ಅಡಿಗಿ ಆಕೀನ ಮಾಡ್ಬೇಕು. ನಿಪ್ಪಾಣಿಯವರು ಬಂದ್ರ ನಾ ಎದ್ದು ಹೊಕ್ಕೀನಿ, ಕಲ್ಲೂ ನಂದು, ಅದನ್ನೂ ಹೊತಗೊಂಡ ಹೊಕ್ಕೀನಿ."

ಲೆಕ್ಕ ಹಾಕುತ್ತಿದ್ದಳು. ಹಾಕಲಿ.

"ಮತ್ತ ಬೀಗರು ಬಂದ್ರ?"

"ಬೀಗರು ಬಂದ್ರ ಗೇಟಿನ್ಯಾಗಿಂದ ನಮ್ಮ ಮನಿಗೆ ಕರಕೊಂಡ ಹೊಕ್ಕೀವಿ. ಇಲ್ಲಿ ಎಲಿ ಹಾಕೂದಿಲ್ಲ. ಅದನ್ನ ನಾ ನೋಡ್ಕೋತೀನಿ, ಎದರಿಗೆ ಕೂತಿರ್ತೀನಲ್ಲಾ."

"ಹಾಡ್ತೀರಿ?"

"ಹಾಡಂಗಿಲ್ಲ. ಹಾಡ ಬೇಕಂದ್ರ ಫೋನ್ ಹಚ್ಚು."

ಕಪ್ ಕೆಳಗಿಟ್ಟು ಅವಳು ತಲೆ ಆಡಿಸಿದಳು. ಇದನ್ನು ನಾನು ಸೊಸೆಯ ಮೇಲಿನ ಪ್ರೀತಿಗೆ ಮಾಡಿದೆ ಅಂತ ಊರಲ್ಲಿ ಹಬ್ಬಿಸಿದ್ದಾರೆ. ಮನೆಯಲ್ಲಿ ಒಬ್ಬಳು ಮುಖ ಊದಿಸಿಕೊಂಡು ದಿನಾಲು ಉಪ್ಪಿನ ಲೆಕ್ಕ ಕೇಳುವುದನ್ನು ಸಹಿಸುವುದಕ್ಕಿಂತ ಕಲ್ಲು ತಿರುವುವುದು ಸುಖ, ಅಷ್ಟೇ.

ಬೀಸುಕಲ್ಲಿನ ಸುತ್ತ ಕಟ್ಟಿದ್ದ ಹಗ್ಗ ಬಿಚ್ಚಿದೆ. ಹಾಡುತ್ತ ಬೀಸುತ್ತಿದ್ದರು ಅನ್ನುವ ಚೀಟಿಯನ್ನು ತೆಗೆದು ಸೊಂಟಕ್ಕೆ ಸಿಗಿಸಿಕೊಂಡೆ. ಒಂದು ಕಾಲು ಚಾಚಿ ಕೂತು, ಜೋಳ ಹಾಕಿ, ಗೂಟ ಹಿಡಿದು ತಿರುವಿದೆ. ಕಲ್ಲಿಗೆ ಎಣ್ಣೆ ಹಚ್ಚಿ ಹಚ್ಚಿ ಹಾಳು ಮಾಡಿದ್ದರು. ಕಾಳು ಒಡೆಯದೆ ಜಾರಿ ಹೊರಗೆ ಬೀಳುತ್ತಿತ್ತು. ಸೀಗೆಪುಡಿ ಮತ್ತು ಬಿಸಿನೀರು ತರಿಸು ಅಂತ ಮೇಡಂಗೆ ಹೇಳಿ, ಸೆರಗು ಸೊಂಟಕ್ಕೆ ಕಟ್ಟಿ, ಕಲ್ಲು ತಿಕ್ಕಲು ಕೂತೆ.